ಅಂಗಿ ಸಮೇತ ಆರು ಕಿಲೋ

ನಾನು ಒಂದು ತೂಕದ ಯಂತ್ರ. ಅಂಗಡಿಯ ಕಟ್ಟೆಯ ಮೇಲೆ ಕೂರುವ ಜಾತಿಯಲ್ಲ, ಮೇಲಿನಿಂದ ನೇತಾಡುವ ಜಾತಿ. ತಟ್ಟೆಯಂಥ ದುಂಡು ಮುಖ, ಅದರಲ್ಲಿ ಸೊನ್ನೆಯಿಂದ ಇಪ್ಪತ್ತೈದರವರೆಗೆ ಅಂಕಿಗಳು, ನಡುವೆ ಒಂದು ಕಪ್ಪು ಮುಳ್ಳು. ಮುಖದ ಹಿಂದೆ, ಎದೆಯಲ್ಲಿ, ಒಂದು ಸ್ಪ್ರಿಂಗು. ಕೆಳಗಿನ ಕೊಕ್ಕೆಗೆ ನೀಲಿ ಬಟ್ಟೆಯ ಜೋಲಿ, ಅದರಲ್ಲಿ ಕಾಲು ತೂರಿಸಲು ಎರಡು ತೂತು. ಅಂಗನವಾಡಿಗೆ ಹೋದವರು ನನ್ನನ್ನು ನೋಡಿರುತ್ತೀರಿ. ನನ್ನಲ್ಲಿ ಕೂತವರಿಗೆ ಮಾತ್ರ ನನ್ನ ನೆನಪಿರುವುದಿಲ್ಲ. ಅವರೆಲ್ಲ ಆಗ ಬಹಳ ಚಿಕ್ಕವರು.

ನಾನು ಹುಟ್ಟಿದ್ದು ತಗಡಿನ ಮಾಡಿನ ಒಂದು ಸಣ್ಣ ಕಾರ್ಖಾನೆಯಲ್ಲಿ. ಮೈಗೆ ಹಚ್ಚಿದ ಬಣ್ಣ ಒಣಗಿದ ಮೇಲೆ ದಪ್ಪ ಕನ್ನಡಕದ ಒಬ್ಬರು ನನ್ನನ್ನು ಗೋಡೆಯ ಮೊಳೆಗೆ ನೇತುಹಾಕಿ ಐದು ಕಿಲೋದ ಕಬ್ಬಿಣದ ತೂಕದ ಬಟ್ಟು ಕಟ್ಟಿದರು. ಮುಳ್ಳು ಐದಕ್ಕೆ ಹೋಗಿ ನಿಂತಿತು. ಹತ್ತು ಕಟ್ಟಿದರು, ಹತ್ತಕ್ಕೆ ನಿಂತಿತು. ಅವರು ತಲೆಯಾಡಿಸಿ ಬೆನ್ನಿಗೊಂದು ಚೀಟಿ ಅಂಟಿಸಿದರು. ಆ ಹೊತ್ತಿಗೆ ಜಗತ್ತಿನ ಬಗ್ಗೆ ನನಗಿದ್ದ ತಿಳಿವಳಿಕೆ ಇಷ್ಟೇ: ಜಗತ್ತಿನಲ್ಲಿರುವುದೆಲ್ಲ ಕಬ್ಬಿಣ, ಅದು ತಣ್ಣಗಿರುತ್ತದೆ, ಕಟ್ಟಿದರೆ ಸುಮ್ಮನೆ ನೇತಾಡುತ್ತದೆ.

ಒಂದು ವರ್ಷ ಗೋದಾಮಿನಲ್ಲಿ ಮಲಗಿದ್ದು, ಆಮೇಲೆ ಮಂಗಳೂರಿನ ಕಡಲ ಬದಿಯ ಒಂದು ಅಂಗನವಾಡಿಗೆ ಬಂದೆ. ಅಲ್ಲಿ ಕಲ್ಯಾಣಿ ಟೀಚರ್ ಇದ್ದರು. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ, ಮಾತು ಕಡಿಮೆಯ ಹೆಂಗಸು. ಮಾಡಿನ ಜಂತಿಯ ಹಗ್ಗಕ್ಕೆ ನನ್ನನ್ನು ಕಟ್ಟಿ, ಜೋಲಿಯಲ್ಲಿ ಮೊದಲ ಮಗುವನ್ನು ಕೂರಿಸಿದರು.

ನಾನು ಗಾಬರಿಯಾದೆ. ಇದು ಬೆಚ್ಚಗಿತ್ತು. ಸುಮ್ಮನಿರಲಿಲ್ಲ. ಕಾಲು ಒದೆಯಿತು, ಮುಳ್ಳು ಏಳರಿಂದ ಒಂಬತ್ತಕ್ಕೆ ಹಾರಿತು, ಮತ್ತೆ ಆರಕ್ಕೆ ಬಿತ್ತು. ಕೊನೆಗೆ ಜೋಲಿಯನ್ನು ಒದ್ದೆ ಮಾಡಿತು. ಕಬ್ಬಿಣ ಹೀಗೆಲ್ಲ ಮಾಡುವುದನ್ನು ನಾನು ನೋಡಿರಲಿಲ್ಲ. ಕಲ್ಯಾಣಿ ಟೀಚರ್ ಮಾತ್ರ ಅವಸರ ಮಾಡಲಿಲ್ಲ. ಮಗು ಒಂದು ಉಸಿರು ತೆಗೆದುಕೊಳ್ಳುವ ಗಳಿಗೆಗೆ ಕಾದು, ಮುಳ್ಳು ನೋಡಿ, ಏನೂ ಹೇಳದೆ ಬರೆದುಕೊಂಡರು. ಆ ಕಡೆ ಹಾಗೇ ಪದ್ಧತಿ. ಮಗುವಿನ ತೂಕವನ್ನು ಗಟ್ಟಿಯಾಗಿ ಹೇಳಬಾರದು, ದೃಷ್ಟಿಯಾಗುತ್ತದೆ. ಅಜ್ಜಿಯಂದಿರು ಕಾರ್ಡಿನ ಮೇಲೆ ಕಣ್ಣು ಹಾಯಿಸಿ, ತುಟಿ ಬಿಗಿದುಕೊಂಡು ಮನೆಗೆ ಹೋಗುತ್ತಿದ್ದರು.

ಆ ಕಾರ್ಡು ನನಗೆ ಬಹಳ ದಿನ ಒಗಟಾಗಿತ್ತು. ನನ್ನ ಮುಖದಲ್ಲಿ ಅಂಕಿ ಮಾತ್ರ ಇದೆ, ಬಣ್ಣವಿಲ್ಲ. ಬಣ್ಣವೆಲ್ಲ ಕಾರ್ಡಿನಲ್ಲಿ: ಹಸಿರು, ಹಳದಿ, ಕೆಂಪು ಪಟ್ಟೆಗಳು. ನಾನು ಹೇಳಿದ ಅಂಕಿಯನ್ನು ಟೀಚರು ಅಲ್ಲಿ ಒಂದು ಚುಕ್ಕೆ ಮಾಡಿ ಇಡುತ್ತಿದ್ದರು. ಚುಕ್ಕೆ ಎಲ್ಲಿ ಬಿತ್ತು ಎನ್ನುವುದರ ಮೇಲೆ ಒಂದು ಮಗುವಿಗೆ ಒಂದು ಮೊಟ್ಟೆ, ಇನ್ನೊಂದಕ್ಕೆ ಹೆಚ್ಚು ಮೊಟ್ಟೆ ಮತ್ತು ಪುಷ್ಟಿಯ ಹಿಟ್ಟು. ಒಂದೇ ತೂಕದ ಎರಡು ಮಕ್ಕಳಿಗೆ ಬೇರೆ ಬೇರೆ ಬಣ್ಣ ಯಾಕೆ? ವಯಸ್ಸನ್ನೂ ಲೆಕ್ಕ ಹಿಡಿಯುತ್ತಾರೆಂದು ತಿಳಿಯಲು ನನಗೆ ಒಂದು ಮಳೆಗಾಲ ಬೇಕಾಯಿತು.

ಅಲ್ಲಿನ ಸಹಾಯಕಿ ಗುಲಾಬಿ. ಅಡುಗೆ, ಗುಡಿಸುವುದು, ಮಕ್ಕಳ ಮೂಗು ಒರೆಸುವುದು ಎಲ್ಲ ಅವಳದೇ. ಒಮ್ಮೆ ಅವಳು ತಂಗಿಯ ಮನೆಯ ಮದುವೆಗೆಂದು ನನ್ನನ್ನು ಕೊಂಡೊಯ್ದು ಅಂಜಲ್ ಮೀನು ತೂಗಿದಳು. ಹದಿನೈದು ದಿನ ನನ್ನ ಕೊಕ್ಕೆ ನಾರುತ್ತಿತ್ತು. ಜೋಲಿಗೆ ಕೂರಿಸಿದ ಮಕ್ಕಳೆಲ್ಲ ಮೂಗು ಸೊಟ್ಟ ಮಾಡುತ್ತಿದ್ದವು. ಕಲ್ಯಾಣಿ ಟೀಚರ್ ಆಗಲೂ ಏನೂ ಹೇಳಲಿಲ್ಲ. ಸಾಬೂನು ಮತ್ತು ಹಳೇ ಬ್ರಶ್ಶನ್ನು ಗುಲಾಬಿಯ ಮುಂದೆ ಇಟ್ಟರು, ಅಷ್ಟೇ.

ಅವರು ನಿವೃತ್ತರಾದ ಮೇಲೆ ನಾನು ವಾರಿಜ ಟೀಚರ್ ಕೈಗೆ ಬಂದೆ. ಇವರದು ಬೇರೆ ನಮೂನೆ. ಬೆಳಿಗ್ಗೆ ಸ್ವಂತ ಮಕ್ಕಳಿಬ್ಬರನ್ನು ಶಾಲೆಗೆ ಹೊರಡಿಸಿ, ಒದ್ದೆ ಜಡೆಯಲ್ಲೇ ಓಡಿ ಬರುತ್ತಿದ್ದರು. ಚಾ ಕುಡಿಯುತ್ತ ಬರೆಯುತ್ತಿದ್ದರು, ಬರೆಯುತ್ತ ಫೋನಿನಲ್ಲಿ ಮಾತಾಡುತ್ತಿದ್ದರು. ಚಾ ಪ್ರತಿದಿನವೂ ಅರ್ಧದಲ್ಲೇ ತಣ್ಣಗಾಗುತ್ತಿತ್ತು.

ಅವರು ಬಂದ ಮೂರನೇ ವರ್ಷ ಅಂಗನವಾಡಿಯ ಹಿಂದಿನ ಜಾಗಕ್ಕೆ ಮಣ್ಣು ತುಂಬಿಸಿ ದೊಡ್ಡ ಕಟ್ಟಡ ಏಳತೊಡಗಿತು. ಅದರ ಬೆನ್ನಿಗೆ ತಗಡಿನ ಶೆಡ್ಡುಗಳು ಎದ್ದವು. ಶೆಡ್ಡುಗಳಲ್ಲಿ ಯಾದಗಿರಿ ಕಡೆಯ ತಾಂಡಾಗಳಿಂದ ಬಂದ ಕುಟುಂಬಗಳು.

“ಅವರು ಘಟ್ಟದ ಮೇಲಿನವರು ಟೀಚರೇ. ನಮ್ಮ ಲಿಸ್ಟಿನಲ್ಲಿ ಇಲ್ಲ,” ಎಂದಳು ಗುಲಾಬಿ.

“ಹೊಟ್ಟೆ ಲಿಸ್ಟು ನೋಡಿ ಹಸೀತದಾ?” ವಾರಿಜ ನನ್ನನ್ನು ಜಂತಿಯಿಂದ ಬಿಚ್ಚಿದರು. “ಕಾಗದ ಆಮೇಲೆ ಮಾಡುವ. ಮೊದಲು ಮಕ್ಕಳು ಎಷ್ಟು ಉಂಟು ನೋಡುವ, ಬಾ.”

ಹೀಗೆ ನಾನು ಮೊದಲ ಸಲ ಚೀಲದಲ್ಲಿ ಕೂತು ಊರು ನೋಡಲು ಹೊರಟೆ. ಊರೆಂದರೆ ಇನ್ನೂರು ಹೆಜ್ಜೆ. ಆದರೂ ಅಲ್ಲಿ ಎಲ್ಲ ಬೇರೆ. ಮಾತು ಬೇರೆ, ಒಲೆಯ ಬಳಿ ರೊಟ್ಟಿ ಬಡಿಯುವ ಸದ್ದು ಬೇರೆ. ನೀರಿನ ನಲ್ಲಿಯ ಹತ್ತಿರ ಚೀಲ ಇಟ್ಟಾಗ ಹೆಂಗಸೊಬ್ಬಳು ಇನ್ನೊಬ್ಬಳಿಗೆ ಹೇಳುವುದು ನನಗೆ ಕೇಳಿಸಿತು. “ತೂಕ ಮಾಡ್ಲಿಕ್ಕ ಬಂದಾರ ನೋಡು. ಸೊರಗಿದ ಕೂಸಿದ್ರ ಬರಕೊಂಡು ಹೋಗ್ತಾರ, ಆಮ್ಯಾಲ ವ್ಯಾನ್ ಬರ್ತದಂತ. ಕೂಸಿನ್ನ ಒಯ್ತದಂತ.”

ಒಯ್ಯುವುದು ಎಲ್ಲಿಗೆ? ನನಗೂ ಗೊತ್ತಿರಲಿಲ್ಲ.

ಐದನೇ ಶೆಡ್ಡಿನ ಬಾಗಿಲಲ್ಲಿ ಚಾಂದಿಬಾಯಿ ನಿಂತಿದ್ದಳು. ಇಪ್ಪತ್ತೆರಡು ವರ್ಷವಿರಬಹುದು. ಊರಿಂದ ಬಂದು ಮೂರು ವಾರವಾಗಿತ್ತು. ಅವಳ ಗಂಡ ಖೇಮು ಕಾಂಕ್ರೀಟಿಗೆ ಸರಳು ಕಟ್ಟುವ ಕೆಲಸದವನು.

“ಸಣ್ಣ ಮಕ್ಕಳು ಉಂಟಾ ಅಮ್ಮ?”

“ಇಲ್ರೀ ಅಕ್ಕೋರ. ಕೂಸಿಲ್ಲ ಇಲ್ಲಿ.”

ಅವಳ ಬೆನ್ನ ಹಿಂದೆ ಸೀರೆಯ ತೊಟ್ಟಿಲು ಮೆಲ್ಲಗೆ ತೂಗುತ್ತಿತ್ತು. ವಾರಿಜ ಅದನ್ನು ನೋಡಿದರು, ನೋಡದವರಂತೆ ನಾಲ್ಕು ಮೊಟ್ಟೆ ಕಟ್ಟೆಯ ಮೇಲಿಟ್ಟರು. “ಇಲ್ಲದ ಕೂಸಿಗೆ ಬೇಯಿಸಿ ಕೊಡು. ಗುರುವಾರ ನಮ್ಮಲ್ಲಿಗೆ ಬಾ.”

ಗುರುವಾರ ಅವಳು ತಾನಾಗಿಯೇ ಬಂದಳು. ಹತ್ತು ತಿಂಗಳ ಹೆಣ್ಣುಮಗು, ಹೆಸರು ಪಾಯಲ್. ಆ ಬಿಸಿಲಿಗೂ ಮಗುವಿಗೆ ದಪ್ಪನೆಯ ಕೆಂಪು ಅಂಗಿ. ಹೊಲಿಗೆ ಹೊಲಿಗೆಗೂ ಸಣ್ಣ ಕನ್ನಡಿಚೂರು, ಕೆಳಗಿನ ಅಂಚಿಗೆ ಎರಡು ಮಡಿಕೆಯ ಪಟ್ಟಿ.

“ಅಂಗಿ ತೆಗೆದು ಕೂರಿಸು,” ಎಂದರು ವಾರಿಜ.

“ಬ್ಯಾಡ್ರಿ ಅಕ್ಕೋರ. ಅವರಜ್ಜಿ ಹೊಲಿದ ಅಂಗಿ ಅದು. ಮಂದಿ ಮುಂದ ತೆಗದ್ರ ಕೂಸಿಗೆ ದೃಷ್ಟಿ ಆಗ್ತದ.”

ಬೇರೆ ಊರಿನ ಟೀಚರಾಗಿದ್ದರೆ ಒತ್ತಾಯ ಮಾಡುತ್ತಿದ್ದರೇನೋ. ವಾರಿಜ ತೂಕವನ್ನು ಬಾಯಿಬಿಟ್ಟು ಹೇಳದ ಊರಿನವರು. ದೃಷ್ಟಿ ಎಂದ ಕೂಡಲೇ ಅವರ ಕೈ ತಾನಾಗಿ ಹಿಂದೆ ಸರಿಯಿತು. “ಆಯ್ತು, ಹಾಗೇ ಕೂರಿಸು,” ಎಂದರು.

ಮಗು ಜೋಲಿಗೆ ಇಳಿಯಿತು. ನನಗೆ ಕೂಡಲೇ ಏನೋ ವಿಚಿತ್ರ ಅನಿಸಿತು. ಬೆಚ್ಚಗಿನ ಒಂದು ಸಣ್ಣ ಭಾರ, ಅದರ ಸುತ್ತ ತಣ್ಣಗಿನ ಇನ್ನೊಂದು ಭಾರ. ಆ ತಣ್ಣಗಿನದು ನನಗೆ ಹುಟ್ಟಿದಂದಿನಿಂದ ಪರಿಚಯದ್ದು. ಮಗುವಂತೂ ಒದೆಯಲೂ ಇಲ್ಲ, ಅಳಲೂ ಇಲ್ಲ. ಮುಳ್ಳು ಆರು ಕಿಲೋ ನೂರು ಗ್ರಾಮಿಗೆ ಹೋಗಿ ಹಾಗೇ ನಿಂತಿತು. ಎಷ್ಟು ಎಂದು ಕೇಳಿದರೆ ಎಷ್ಟು ಎಂದು ಹೇಳಬಲ್ಲೆ. ಯಾವುದು ಎಷ್ಟು ಎಂದು ಹೇಳಲು ನನಗೆ ಬಾಯಿಲ್ಲ.

ವಾರಿಜ ಕಾರ್ಡಿನಲ್ಲಿ ಚುಕ್ಕೆ ಇಟ್ಟರು. ಹಳದಿ, ಕೆಂಪಿನಿಂದ ಸ್ವಲ್ಪ ಮೇಲೆ. ಚಾಂದಿಬಾಯಿ ಬಗ್ಗಿ ಚುಕ್ಕೆ ನೋಡಿದಳು. ಅವಳ ಭುಜ ಸಡಿಲವಾಯಿತು.

ಆಮೇಲೆ ವಾರಿಜ ಅಂಗಿಯ ತೋಳು ಮೇಲೆ ಸರಿಸಿ, ತೋಳಿನ ಸುತ್ತಳತೆ ನೋಡುವ ಕಾಗದದ ಪಟ್ಟಿ ಸುತ್ತಿದರು. ಅದರಲ್ಲೂ ಅದೇ ಮೂರು ಬಣ್ಣ. ಕಿಂಡಿಯಲ್ಲಿ ಕೆಂಪು ಕಾಣಿಸಿತು. ಮತ್ತೆ ಸುತ್ತಿದರು. ಮತ್ತೆ ಕೆಂಪು.

ಚಾಂದಿಬಾಯಿ ಮೊಟ್ಟೆ, ಹಿಟ್ಟು ತೆಗೆದುಕೊಂಡು ಹೋದ ಮೇಲೆ ವಾರಿಜ ಮೇಲ್ವಿಚಾರಕಿಗೆ ಫೋನು ಮಾಡಿದರು. ದೊಡ್ಡ ಆಸ್ಪತ್ರೆಯಲ್ಲಿ ಸೊರಗಿದ ಮಕ್ಕಳಿಗೆಂದೇ ಒಂದು ವಾರ್ಡು ಇತ್ತು. ಹದಿನಾಲ್ಕು ದಿನ ಮಗುವಿಗೆ ಔಷಧಿ, ಎರಡೆರಡು ಗಂಟೆಗೆ ಹಾಲು. ತಾಯಿಯೂ ಜೊತೆಯಲ್ಲೇ ಇರಬಹುದು, ಅವಳಿಗೂ ಊಟ, ತಪ್ಪಿದ ಕೂಲಿಗೆ ಬದಲು ಸ್ವಲ್ಪ ಹಣ. ಅಲ್ಲಿ ಒಂದು ಹಾಸಿಗೆ ಖಾಲಿಯಿತ್ತು.

ಫೋನಿನ ಆಚೆಯ ದನಿ ಜಂತಿಯವರೆಗೂ ಕೇಳಿಸುತ್ತಿತ್ತು. “ತೂಕ ಹಳದಿ, ತೋಳು ಕೆಂಪು ಅಂತ ಕಳಿಸಿದ್ರೆ ಅಲ್ಲಿ ಸೇರಿಸಿಕೊಳ್ತಾರಾ ವಾರಿಜ? ಎರಡರಲ್ಲಿ ಒಂದು ತಪ್ಪಿರ್ಬೇಕು. ಸೋಮವಾರ ವ್ಯಾನ್ ಬರ್ತದೆ. ಅಷ್ಟರೊಳಗೆ ಸರಿ ನೋಡಿ ಹೇಳಿ. ಇಲ್ಲದಿದ್ರೆ ಹಾಸಿಗೆ ಬೇರೆ ಮಗುವಿಗೆ ಹೋಗ್ತದೆ.”

ವಾರಿಜ ಫೋನಿಟ್ಟು ನನ್ನನ್ನೇ ನೋಡಿದರು.

“ಅದು ಹಾಳಾಗಿದೆ ಟೀಚರೇ,” ಎಂದಳು ಗುಲಾಬಿ. “ಆವತ್ತು ಮೀನು ತೂಗಿದ ಮೇಲೆ ಅದು ಸರಿಯಿಲ್ಲ.”

“ಮೀನು ತೂಗಿದ್ದು ಯಾರು?”

ಗುಲಾಬಿ ಪಾತ್ರೆ ತೊಳೆಯಲು ಹೋದಳು.

ಆ ರಾತ್ರಿಯೆಲ್ಲ ನನಗೆ ಒಂದೇ ಯೋಚನೆ. ನಾನೇ ತಪ್ಪಿರಬಹುದೇ? ಆರು ವರ್ಷದ ಸ್ಪ್ರಿಂಗು ಸಡಿಲವಾಗಿರಬಹುದೇ? ಹಾಗಾದರೆ ಈವರೆಗೆ ಇಟ್ಟ ಚುಕ್ಕೆಗಳೆಲ್ಲ ಎಲ್ಲೆಲ್ಲಿ ಬೀಳಬೇಕಿತ್ತು?

ಮರುದಿನ ವಾರಿಜ ಅಂಗಡಿಯಿಂದ ಒಂದು ಕಿಲೋದ ಸಕ್ಕರೆ ಪ್ಯಾಕೆಟ್ಟು ಐದು ತಂದರು. ಒಂದೊಂದಾಗಿ ಜೋಲಿಗೆ ಹಾಕಿದರು. ಒಂದು, ಎರಡು, ಮೂರು, ನಾಲ್ಕು, ಐದು. ನಾನು ಉಸಿರು ಬಿಗಿಹಿಡಿದು ಒಂದೊಂದಕ್ಕೂ ಸರಿಯಾದ ಗೆರೆಗೆ ಬಂದು ನಿಂತೆ. ಗುಲಾಬಿ ಕಣ್ಣು ಕಿರಿದು ಮಾಡಿ ನೋಡಿ, “ಪಾಪ, ಇದಕ್ಕೆ ಏನೂ ಆಗ್ಲಿಲ್ಲ,” ಎಂದಳು.

“ತಕ್ಕಡಿ ಸರಿ. ಪಟ್ಟಿ ಸರಿ.” ವಾರಿಜ ಸಕ್ಕರೆ ತೆಗೆಯುವುದನ್ನು ಮರೆತು ನಿಂತಿದ್ದರು. ಆಮೇಲೆ ತಮ್ಮ ಹಣೆಗೆ ತಾವೇ ಹೊಡೆದುಕೊಂಡರು. “ಅಂಗಿ ಮಾರಾಯ್ತಿ. ಅಂಗಿ ತೆಗೀದೆ ತೂಗಿದ್ದು ನಾನೇ.”

ಭಾನುವಾರ ಶೆಡ್ಡಿನವರಿಗೆ ರಜೆ. ಖೇಮು ಬಾಗಿಲಲ್ಲಿ ಕೂತು ಗಡ್ಡ ಕೆರೆಯುತ್ತಿದ್ದ. ಚಾಂದಿಬಾಯಿ ಅಕ್ಕಿ ಆರಿಸುತ್ತಿದ್ದಳು. ಗುಲಾಬಿಯನ್ನು ಕರೆದುಕೊಂಡು ಬಂದ ವಾರಿಜ ನನ್ನನ್ನು ಶೆಡ್ಡಿನ ಅಡ್ಡಪೈಪಿಗೆ ಕಟ್ಟಿದರು. ಕಟ್ಟುವಾಗ ಈವರೆಗೆ ಯಾರೂ ಮಾಡದ ಒಂದು ಕೆಲಸ ಮಾಡಿದರು: ನನ್ನ ಮುಖವನ್ನು ತಾಯಿಯ ಕಡೆ ತಿರುಗಿಸಿದರು. ಅಷ್ಟು ವರ್ಷ ನಾನು ಟೀಚರುಗಳ ಮುಖ ಮಾತ್ರ ನೋಡಿದ್ದೆ. ತಾಯಂದಿರು ಯಾವಾಗಲೂ ನನ್ನ ಬೆನ್ನ ಕಡೆ ನಿಲ್ಲುತ್ತಿದ್ದರು.

“ಚಾಂದಿಬಾಯಿ, ನಾನು ಗುರುವಾರ ಒಂದು ತಪ್ಪು ಮಾಡಿದೆ,” ಎಂದರು ವಾರಿಜ. “ಅಂಗಿ ಸಮೇತ ಬರ್ಕೊಂಡೆ. ಅಂಗಿಯದ್ದು ಎಷ್ಟು ಅಂತ ಕಳೀಬೇಕಿತ್ತು. ಅಂಗಿ ಒಂದನ್ನೇ ಕೊಡು, ಹಾಕಿ ನೋಡುವ.”

ಚಾಂದಿಬಾಯಿಯ ಬೆರಳು ಅಕ್ಕಿಯಲ್ಲಿ ನಿಂತುಹೋಯಿತು. “ಅದು ಒಗ್ಯಾಕ ಹಾಕೀನ್ರಿ.”

ಅಂಗಿ ಅವಳ ಹಿಂದೆ ಹಗ್ಗದ ಮೇಲೆ ಇತ್ತು. ಒಣಗಿಯೇ ಇತ್ತು. ಖೇಮು ಎದ್ದು, ಒಳ್ಳೆಯ ಮನಸ್ಸಿನಿಂದಲೇ, ಅದನ್ನು ತೆಗೆದ. ತೆಗೆದವನು ಕೈಯಲ್ಲಿ ಒಮ್ಮೆ ತೂಗಿದ. ಅಂಚಿನ ಪಟ್ಟಿಯನ್ನು ಬೆರಳಿಂದ ಒತ್ತಿ ನೋಡಿದ.

“ಇದರೊಳಗ ಏನದ?”

ಚಾಂದಿಬಾಯಿ ಅಂಗಿ ಕಿತ್ತುಕೊಂಡು, ಅಂಚಿನ ಹೊಲಿಗೆಯನ್ನು ಹಲ್ಲಿನಿಂದ ಕಚ್ಚಿ ಹರಿದಳು. ಒಳಗಿನಿಂದ ಬೆರಳುದ್ದದ ಒಂದು ಸರಳಿನ ತುಂಡು ನೆಲಕ್ಕೆ ಬಿತ್ತು. ಆಮೇಲೆ ಇನ್ನೊಂದು. ಹತ್ತು ತುಂಡುಗಳು.

“ಅಲ್ಲಲೇ,” ಎಂದ ಖೇಮು, “ತುಂಡು ಎಲ್ಲಿ ಹೋಗ್ತಾವ ಅಂತ ಮೇಸ್ತ್ರಿ ನನಗ ನಾಕ್ ದಿನ ಬೈದಾನ.”

ಗುಲಾಬಿಗೆ ನಗು ಬಂತು. ವಾರಿಜ ಅವಳ ಕಾಲು ತುಳಿದರು.

ಚಾಂದಿಬಾಯಿ ನೆಲ ನೋಡುತ್ತಲೇ ಹೇಳಿದಳು. “ಸೊರಗ್ಯಾದ ಅಂತ ಬರದ್ರ ವ್ಯಾನಿನ್ಯಾಗ ಒಯ್ತಾರಂತ. ತಾಯಿಗೆ ಸಾಕೂ ತಾಕತ್ತಿಲ್ಲ ಅಂತಾರಂತ. ಮೊದಲಿಂದು ಗಂಡ್ಹುಡುಗ ಇತ್ರಿ, ಎರಡು ತಿಂಗಳಿಗೆ ಹೋತು. ಇದೂ ಹೋದ್ರ ನಾ ಏನ್ ಮಾಡ್ಲಿ ಅಕ್ಕೋರ?”

ವಾರಿಜ ಅವಳ ಪಕ್ಕ ನೆಲದ ಮೇಲೇ ಕೂತರು. ಕಾರ್ಡು ತೆಗೆದು ಮೊಣಕಾಲ ಮೇಲಿಟ್ಟರು.

“ವ್ಯಾನ್ ಬರೂದು ಹೌದು. ಮಗುವನ್ನು ಕರ್ಕೊಂಡು ಹೋಗೂದೂ ಹೌದು. ಆದ್ರೆ ನಿನ್ನನ್ನು ಬಿಟ್ಟು ಅಲ್ಲ. ತಾಯಿ ಹತ್ತದಿದ್ರೆ ವ್ಯಾನ್ ಹೊರಡುದಿಲ್ಲ.” ಅವರು ಕೆಂಪು ಪಟ್ಟೆಯ ಮೇಲೆ ಬೆರಳಿಟ್ಟರು. “ಇದು ಬೈಗುಳ ಅಲ್ಲ ಅಮ್ಮ. ಇದು ಒಳಗೆ ಹೋಗ್ಲಿಕ್ಕೆ ಟಿಕೆಟು. ನೀನು ಟಿಕೆಟು ಹರಿದು ಹಾಕಿ ಬಾಗಿಲಲ್ಲಿ ನಿಂತಿದ್ದೀ.”

“ಹದಿನಾಕ್ ದಿನ ಆದ ಮ್ಯಾಲ ಕೊಡ್ತಾರ?”

“ಕೊಡೂದೆಂತ? ನಿನ್ನ ತೊಡೆ ಮೇಲೆಯೇ ಇರ್ತದಲ್ಲ.”

ಚಾಂದಿಬಾಯಿ ಗಂಡನ ಕಡೆ ನೋಡಿದಳು. ಖೇಮು ಸರಳಿನ ತುಂಡುಗಳನ್ನು ಒಂದು ಡಬ್ಬಿಗೆ ಹಾಕುತ್ತ, “ಹೋಗು. ರೊಟ್ಟಿ ನಾ ಸುಟ್ಕೋತೀನಿ,” ಎಂದ. “ಕರಕಾದ್ರೂ ತಿಂತೀನಿ.”

ಅವಳು ಮಗುವನ್ನು ತೊಟ್ಟಿಲಿಂದ ಎತ್ತಿ, ಮೈಮೇಲಿನದೆಲ್ಲ ಕಳಚಿ, ಸೊಂಟದ ಕಪ್ಪು ದಾರವನ್ನು ಮಾತ್ರ ಬಿಟ್ಟು, ತಾನೇ ಜೋಲಿಗೆ ಕೂರಿಸಿದಳು. ಈಗ ನನಗೆ ಗೊತ್ತಾಯಿತು ಪಾಯಲ್ ಎಂದರೆ ಎಷ್ಟು ಎಂದು. ಐದು ಕಿಲೋ ನಾನೂರು. ವಾರಿಜ ಬರೆಯುವ ಮೊದಲೇ ಚಾಂದಿಬಾಯಿ ನನ್ನ ಮುಖ ನೋಡಿದಳು. ಅವಳಿಗೆ ಅಂಕಿ ಬರುತ್ತಿತ್ತು. “ಐದೂ ನಾಕು,” ಎಂದು ಗಟ್ಟಿಯಾಗಿಯೇ ಓದಿದಳು. ಗುಲಾಬಿ ಬಾಯಿಗೆ ಕೈ ಅಡ್ಡ ಹಿಡಿದಳು.

ಸೋಮವಾರ ವ್ಯಾನು ಬಂತು. ಚಾಂದಿಬಾಯಿ ಹತ್ತುವ ಮೊದಲು ಅದರ ಸುತ್ತ ಒಂದು ಸಲ ನಡೆದು, ಬಾಗಿಲನ್ನು ಒಳಗಿನಿಂದ ತೆರೆದು ಮುಚ್ಚಿ ನೋಡಿದಳು. ಡ್ರೈವರು, “ಎಂತ ಅಕ್ಕ, ಖರೀದಿ ಮಾಡ್ತೀರಾ?” ಎಂದ. ವಾರಿಜ ಜೊತೆಗೆ ಹತ್ತಿದರು. ನಾನು ಅವರ ಚೀಲದಲ್ಲೇ ಉಳಿದಿದ್ದೆ, ಹಾಗಾಗಿ ನನಗೂ ಸವಾರಿ. ವಾರ್ಡಿನಲ್ಲಿ ಬೆಳಕಿನ ಅಂಕಿ ಮೂಡುವ ಒಂದು ಹೊಸ ಯಂತ್ರವಿತ್ತು. ಅದೂ ಐದು ನಾಲ್ಕು ಎಂದೇ ಹೇಳಿತು. ಚೀಲದೊಳಗೆ ನನಗೆ ಎಷ್ಟು ಸಮಾಧಾನವಾಯಿತೆಂದು ಯಾರಿಗೂ ತಿಳಿಯಲಿಲ್ಲ.

ಮೂರನೇ ದಿನ ಚಾಂದಿಬಾಯಿ ಮಗುವನ್ನೆತ್ತಿಕೊಂಡು ಆಸ್ಪತ್ರೆಯ ಗೇಟಿನವರೆಗೆ ಬಂದುಬಿಟ್ಟಿದ್ದಳಂತೆ. ಪಕ್ಕದ ಹಾಸಿಗೆಯ ಮಗುವಿನ ಮೂಗಿಗೆ ನಳಿಕೆ ಹಾಕಿದ್ದು ನೋಡಿ ಹೆದರಿದ್ದಳು. ವಾರಿಜ ಫೋನಿನಲ್ಲೇ ಅರ್ಧ ಗಂಟೆ ಮಾತಾಡಿದರು, ತಮ್ಮ ಮಗಳ ಹುಟ್ಟುಹಬ್ಬದ ಪಾಯಸ ಒಲೆಯಲ್ಲಿ ತಳ ಹಿಡಿಯುವವರೆಗೆ. ಚಾಂದಿಬಾಯಿ ಮರಳಿ ಒಳಗೆ ಹೋದಳು. ಇದನ್ನೆಲ್ಲ ಗುಲಾಬಿ ಮಾತಿನಲ್ಲಿ ಕೇಳಿದ್ದು. ಆ ಹದಿನಾಲ್ಕು ದಿನ ಒಳಗೆ ಏನಾಯಿತು, ಹಾಲು ಹೇಗೆ ಭಾರವಾಗಿ ಬದಲಾಗುತ್ತದೆ, ನಾನು ನೋಡಲಿಲ್ಲ. ಇವತ್ತಿಗೂ ಅದು ನನಗೆ ಸೋಜಿಗವೇ.

ಆಸ್ಪತ್ರೆಯಿಂದ ಬಂದ ದಿನ ಚಾಂದಿಬಾಯಿ ಮನೆಗೂ ಹೋಗದೆ ನೇರ ಅಂಗನವಾಡಿಗೆ ಬಂದು ಪಾಯಲ್‌ಳನ್ನು ಜೋಲಿಗೆ ಕೂರಿಸಿದಳು. ಆರು ಕಿಲೋ.

“ನೋಡ್ರಿ ಅಕ್ಕೋರ,” ಎಂದಳು, “ನಾ ನೂರು ಗ್ರಾಮಿಗೆ ತಪ್ಪಿದ್ದೆ ಅಷ್ಟ.”

ವಾರಿಜ ನಕ್ಕ ನಗುವಿಗೆ ಚಾ ನೆತ್ತಿಗೇರಿತು.

ಆಮೇಲೆ ಒಂದೂವರೆ ವರ್ಷ ಅವರು ಅಲ್ಲಿದ್ದರು. ಹೊಸ ಕುಟುಂಬ ಬಂದಿಳಿದರೆ ವಾರಿಜರಿಗಿಂತ ಮೊದಲು ಚಾಂದಿಬಾಯಿ ಅಲ್ಲಿರುತ್ತಿದ್ದಳು. “ವ್ಯಾನ್ ನಾ ನೋಡೀನಿ, ಒಳಗಿಂದ ಬಾಗಿಲಾ ತೆಗೀತದ,” ಎಂದು ಹೇಳುತ್ತಿದ್ದಳು. ವಾರಿಜ ಎಷ್ಟೇ ವಿವರಿಸಿದರೂ ನಂಬದವರು ಈ ಒಂದು ಮಾತಿಗೆ ಮಕ್ಕಳನ್ನು ಹೊರಗೆ ತರುತ್ತಿದ್ದರು. ಕಟ್ಟಡ ಮುಗಿದ ವಾರ ಶೆಡ್ಡುಗಳನ್ನು ಬಿಚ್ಚಿದರು. ಲಾರಿಯಲ್ಲಿ ತಗಡು ಹೋಯಿತು, ಜನರೂ ಹೋದರು. ಯಾವ ಊರಿಗೆಂದು ಅವರಿಗೂ ಸರಿಯಾಗಿ ಗೊತ್ತಿರಲಿಲ್ಲ.

ಮರುವರ್ಷ ನಮ್ಮಲ್ಲಿಗೂ ಬೆಳಕಿನ ಅಂಕಿಯ ಯಂತ್ರ ಬಂತು. ನನ್ನನ್ನು ಬಿಚ್ಚಿ, ಒರೆಸಿ, ಕಪಾಟಿನ ಮೇಲೆ ಇಟ್ಟರು. ಗುಜರಿಗೆ ಕೊಡಲು ಗುಲಾಬಿ ಬಿಡಲಿಲ್ಲ. ಈಗ ಜೋಲಿಯಲ್ಲಿ ಹಳೆಯ ಆಟಿಕೆಗಳಿವೆ. ಇಲ್ಲಿಂದ ಎಲ್ಲರ ನೆತ್ತಿ ಕಾಣುತ್ತದೆ. ವಾರಿಜರ ಬೈತಲೆಯ ಎರಡು ಬದಿ ಬಿಳಿಯಾಗಿದೆ. ಮುಳ್ಳಿಗೆ ಸ್ವಲ್ಪ ತುಕ್ಕು ಹಿಡಿದಿದೆ. ಕೆಲಸವಿಲ್ಲದಿದ್ದರೂ ಕುತೂಹಲ ಹೋಗಿಲ್ಲ, ಬಾಗಿಲಲ್ಲಿ ಹೊಸ ಮಗುವಿನ ದನಿ ಕೇಳಿದರೆ ಎಷ್ಟಿರಬಹುದೆಂದು ಈಗಲೂ ಅಂದಾಜು ಹಾಕುತ್ತೇನೆ.

ಮೊನ್ನೆ ಮಧ್ಯಾಹ್ನ ಮಕ್ಕಳು ಮಲಗಿದ್ದಾಗ ವಾರಿಜರಿಗೆ ಫೋನು ಬಂತು. ಮಾತಾಡಿದವರು ಹಾಸನ ಕಡೆಯ ಒಂದು ಅಂಗನವಾಡಿಯ ಟೀಚರು.

“ಮೇಡಂ, ಪಾಯಲ್ ಅಂತ ಒಂದು ಮಗು ನಿಮ್ಮ ಪುಸ್ತಕದಲ್ಲಿ ಇದ್ಯಾ? ಅಲ್ಲಿ ತೆಗೆದ್ರೆ ಇಲ್ಲಿ ಸೇರಿಸ್ಕೋತೀನಿ. ಅವರಮ್ಮ ಬಂದಿದ್ದು ನಿನ್ನೆ. ಇನ್ನೂ ಶೆಡ್ಡಿಗೆ ತಗಡು ಹೊದಿಸಿಲ್ಲ, ಆಗಲೇ ನಮ್ಮ ಬಾಗಿಲಲ್ಲಿ ನಿಂತಿದ್ದಾಳೆ. ಒಬ್ಬಳೇ ಅಲ್ಲ, ಇನ್ನೂ ಮೂರು ಹೆಂಗಸರನ್ನ ಕರ್ಕೊಂಡು ಬಂದಿದ್ದಾಳೆ. ಅವರ ಕೂಸುಗಳನ್ನ ಮೊದಲು ನೋಡ್ರಿ, ನಂದು ಆಮ್ಯಾಲ ಅಂತಾಳೆ.”

ವಾರಿಜ ದೊಡ್ಡ ಪುಸ್ತಕ ತೆರೆದು ಹೆಸರು ಹುಡುಕಿದರು. ಅದರ ಮೇಲೆ ನಿಧಾನವಾಗಿ ಗೆರೆ ಎಳೆದರು. ಆಮೇಲೆ ಕೇಳಿದರು, “ಮಗು ಹೇಗುಂಟು? ಈಗ ಚುರುಕಾಗಿ ನಡೀತದಾ?”

ಉತ್ತರ ನನಗೆ ಕೇಳಿಸಲಿಲ್ಲ. ವಾರಿಜ ಫೋನನ್ನು ಎದೆಗೆ ಒತ್ತಿಕೊಂಡು ಗುಲಾಬಿಯ ಕಡೆ ತಿರುಗಿದರು.

“ನಡೆಯುದಲ್ಲ ಮಾರಾಯ್ತಿ. ಹಿಡೀಲಿಕ್ಕೆ ಇಬ್ಬರು ಬೇಕಂತೆ.”

ನನ್ನ ಜೋಲಿಯಲ್ಲಿ ಕೂತವರೆಲ್ಲ ಕೂರಿಸಿದಲ್ಲಿ ಕೂತವರು. ಓಡುವ ಮಗುವನ್ನು ನಾನು ಯಾವತ್ತೂ ತೂಗಿಲ್ಲ. ಅದು ಎಷ್ಟಿರುತ್ತದೋ.